ಓನರ್ ಬುಡಾಕಿಲ್ಲ

ಹೆದ್ದಾರಿಯಲ್ಲಿ ಎಡಕ್ಕೋ ಬಲಕ್ಕೋ ಅನ್ನುವುದನ್ನು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನ ಮಾಡುವ ಮನುಷ್ಯ, ಮನೆಗೆ ಬಂದಾಗ ಸಾರಿಗೆ ಅವರೆಕಾಳು ಹಾಕಲೋ ಹುರುಳಿಕಾಳು ಹಾಕಲೋ ಎಂದು ಕೇಳಿದರೆ ನಾಲ್ಕು ಜನರ ಮುಖ ನೋಡುತ್ತಾರೆ. ನಮ್ಮ ಮನೆಯವರು ಮಹದೇವು ಅಂಥವರು. ಮದ್ದೂರಿನ ಹೊನ್ನಯ್ಯನವರ ಟ್ರಾನ್ಸ್‌ಪೋರ್ಟಿನಲ್ಲಿ ಲಾರಿ ಡ್ರೈವರು, ನಮ್ಮ ಮದುವೆಗೆ ಮುಂಚಿನಿಂದಲೂ. ಮದ್ದೂರಿನ ಮಾರ್ಕೆಟ್ಟಿನಲ್ಲಿ ಎಳನೀರು ತುಂಬಿಕೊಂಡು ಮುಂಬೈಗೆ ಹೋಗುವುದು, ಅಲ್ಲಿ ಸಿಕ್ಕಿದ್ದು ತುಂಬಿಕೊಂಡು ವಾಪಸ್ ಬರುವುದು, ಹೊನ್ನಯ್ಯನವರ ಆಫೀಸಿನ ಗೋಡೆಯ ಮೊಳೆಗೆ ಕೀ ನೇತುಹಾಕುವುದು, ಬಸ್ಸು ಹತ್ತಿ ದುದ್ದದ ಪಕ್ಕದ ನಮ್ಮೂರಿಗೆ ಬಂದು ಉಂಡು ಮಲಗುವುದು.

ಮಲಗಿದರೆಂದರೆ ಒಂದು ಹಗಲು ಒಂದು ರಾತ್ರಿ ಅಲ್ಲಾಡುವುದಿಲ್ಲ. ನಾನು ನಡುಮನೆಯಲ್ಲಿ ಹೊಲಿಗೆ ಮೆಷಿನ್ ತುಳಿಯುತ್ತಾ ಆ ಗೊರಕೆ ಕೇಳುತ್ತಿರುತ್ತೇನೆ. ಬೇರೆ ಹೆಂಗಸರಿಗೆ ಗಂಡನ ಗೊರಕೆ ಕಿರಿಕಿರಿ, ನನಗೆ ಅದು ಕೇಳಿಸಿದರೇ ಸಮಾಧಾನ. ನಿದ್ದೆ ಮಾಡಿದ ಡ್ರೈವರು ಮನೆಗೆ ವಾಪಸ್ ಬರುತ್ತಾನೆ. ಲಾರಿಯ ವಿಚಾರದಲ್ಲಿ ನನಗೆ ಗೊತ್ತಿರುವುದು ಅಷ್ಟೇ, ಬೇಕಾಗಿರುವುದೂ ಅಷ್ಟೇ.

ಹೀಗೆ ನಡೆಯುತ್ತಿದ್ದ ಸಂಸಾರದ ನಡುವೆ ಹೊನ್ನಯ್ಯನವರು ಒಂದು ಮಾತು ಎಸೆದರು.

"ಮಾದೇವು, ಎಷ್ಟು ದಿನ ಸಂಬಳ, ದಿನದ ಬಾಟಾ ಅಂತ ಇರ್ತೀಯಾ? ನೀನು ಓಡ್ಸೋ ಗಾಡೀನೇ ಲೀಸಿಗೆ ತಗೊ. ತಿಂಗ್ಳಾ ತಿಂಗ್ಳಾ ನಂಗೆ ಇಷ್ಟು ಅಂತ ಕಟ್ಟು. ಡೀಸೆಲ್ಲು, ಟೈರು, ರಿಪೇರಿ ಎಲ್ಲಾ ನಿಂದು. ಮಿಕ್ಕಿದ್ದೂ ನಿಂದೇ. ನಾಕು ವರ್ಸ ಕಟ್ಟುದ್ರೆ ಗಾಡಿ ನಿನ್ನೆಸ್ರಿಗೆ. ಬ್ಯಾಡಾಂದ್ರೆ ಈಗಿರಂಗೇ ಇರು. ಯೋಚ್ನೆ ಮಾಡಿ ಏಳು."

ನಮ್ಮ ಮನೆಯವರಿಗೆ ಯೋಚನೆ ಮಾಡು ಅನ್ನುವುದೂ ಒಂದೇ, ಊರಲ್ಲಿ ಟಾಂಟಾಂ ಹೊಡೆಸುವುದೂ ಒಂದೇ. ಕ್ಷೌರದ ಅಂಗಡಿಯಲ್ಲಿ ಕೇಳಿದರು, ಡೈರಿಗೆ ಹಾಲು ಹಾಕಲು ಬಂದವರನ್ನೆಲ್ಲಾ ಕೇಳಿದರು. ಯಲಿಯೂರಿಗೆ ಕೊಟ್ಟಿರುವ ತಂಗಿ ರೂಪಳಿಗೆ ಫೋನ್ ಮಾಡಿ ಕೇಳಿದರು. ಯಾರು ಏನು ಹೇಳಿದರೂ ಇವರದು ಒಂದೇ ಉತ್ತರ: "ನಿನ್ ಮಾತೂ ನಿಜ ಕಣ್ಲಾ." ತಗೊ ಅಂದವನಿಗೂ ನಿನ್ನ ಮಾತು ನಿಜ, ಬೇಡ ಅಂದವನಿಗೂ ನಿನ್ನ ಮಾತು ನಿಜ. ಕೇಳಿ ಕೇಳಿ ನನಗೆ ತಲೆ ಕೆಟ್ಟುಹೋಯಿತು.

ನಮ್ಮತ್ತೆ ಹೊಂಬಾಳಮ್ಮ ಹಿತ್ತಲಲ್ಲಿ ಕಾಳು ಬಿಡಿಸುತ್ತಾ ತೀರ್ಪು ಕೊಟ್ಟರು. "ಅಸ ಪಾಲಿಗೆ ತಂದಂಗೆ ಕಣ್ಲಾ ಮಗ. ಮೇವು ಆಕೋರು ನಾವು, ಸಗಣಿ ಬಾಚೋರೂ ನಾವು. ಆದ್ರೂ ಕೊಟ್ಟಿಗೇಲಿ ಒಂದು ಅಸ ಐತೆ ಅನ್ನಿಸ್ಕತೀವಲ್ಲ. ತಗೊ."

"ಆಲು ಯಾರ್ಗಪ್ಪಾ ಓಯ್ತದೆ ಅಂತ ಕೇಳಿ ಅತ್ತೆ," ಅಂದೆ ನಾನು ಒಳಗಿನಿಂದ. ಅವರಿಗೆ ಬೇಡದ ಮಾತು ಕೇಳಿಸುವುದಿಲ್ಲ.

ಕೊನೆಗೆ ನನ್ನನ್ನೂ ಕೇಳಿದರು. ಊರೆಲ್ಲಾ ಮುಗಿದ ಮೇಲೆ, ಬ್ಲೌಸಿಗೆ ಕತ್ತರಿ ಹಾಕುತ್ತಿದ್ದಾಗ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕೂತು, "ನೀನೇನಂತೀಯಮ್ಮಿ?" ಅಂದರು.

"ಬಟ್ಟೆ ಗಿರಾಕೀದು, ಕತ್ರಿ ತಪ್ಪುದ್ರೆ ಮಾತ್ರ ನಂದು. ಲೀಸು ಅಂದ್ರೆ ಅಷ್ಟೇ ತಾನೆ? ಈಗ ಕೀ ಮೊಳೆಗೆ ಆಕ್ಬುಟ್ ಬತ್ತೀರಾ, ಬಂದು ನಿದ್ದೆ ಮಾಡ್ತೀರಾ. ಕೀ ಜೇಬಲ್ಲಿದ್ರೆ ನಿಮ್ಗೆ ನಿದ್ದೆ ಬರಾಕಿಲ್ಲ. ನಂಗದು ಬ್ಯಾಡ."

"ನಿನ್ ಮಾತೂ ನಿಜ ಕಣಮ್ಮಿ," ಅಂದರು. ನನ್ನ ಕೈಯಲ್ಲಿ ಕತ್ತರಿ ಇತ್ತು, ಆದರೂ ಸುಮ್ಮನಿದ್ದೆ.

ಅವರೇನೂ ತೀರ್ಮಾನ ಮಾಡಲಿಲ್ಲ. ತೀರ್ಮಾನ ಮಾಡಿದವರು ದೊಡ್ಡಸಿದ್ದಯ್ಯನವರು. ಇವರ ಅಪ್ಪನ ಅಣ್ಣ, ಇವರಿಗೆ ದೊಡ್ಡಪ್ಪ, ನನಗೆ ದೊಡ್ಡಮಾವ. ಮಾವ ತೀರಿಕೊಂಡ ಮೇಲೆ ಮನೆಗೆ ಅವರೇ ಹಿರಿಯರು. ಒಂದು ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ಕೂತು, "ನಮ್ ಮಾದೇವು ಲಾರಿ ತಗಂಡ ಕಣ್ರಲಾ," ಅಂದರಂತೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಮಧ್ಯಾಹ್ನದ ಹೊತ್ತಿಗೆ ಜನ ಮನೆ ಬಾಗಿಲಿಗೆ ಬಂದು, "ಏನ್ಲಾ ಓನರ್ರು, ಸಿಹಿ ಎಲ್ಲಿ?" ಅಂದರು. ಇಲ್ಲ, ಇನ್ನೂ ತೆಗೆದುಕೊಂಡಿಲ್ಲ ಅನ್ನಲು ಇವರಿಗೆ ಬಾಯಿ ಬರಲಿಲ್ಲ. ದುದ್ದಕ್ಕೆ ಹೋಗಿ ಮೈಸೂರುಪಾಕು ತಂದು ಹಂಚಿದರು. ಮಾರನೆಯ ದಿನ ಮದ್ದೂರಿಗೆ ಹೋಗಿ ಲೀಸಿಗೆ ಒಪ್ಪಿಕೊಂಡು ಬಂದರು. ಹೀಗೂ ಒಬ್ಬ ಮನುಷ್ಯ ಲಾರಿ ತೆಗೆದುಕೊಳ್ಳುತ್ತಾನೆ.

ಹೊನ್ನಯ್ಯನವರು ಒಳ್ಳೆಯವರು. "ಮೂರು ತಿಂಗ್ಳು ಓಡ್ಸಿ ನೋಡು. ಆಗಾಕಿಲ್ಲ ಅನ್ಸುದ್ರೆ ಕೀ ತಂದು ಮೊಳೆಗೆ ಆಕು, ನಿನ್ ಸಂಬ್ಳ ನಿಂಗೆ," ಅಂದಿದ್ದರಂತೆ. ಆ ಮಾತೊಂದನ್ನು ನಾನು ಸೆರಗಿಗೆ ಗಂಟು ಹಾಕಿಕೊಂಡೆ.

ಲಾರಿ ಊರೊಳಗೆ ಬಂದ ದಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು, ಅತ್ತೆ ಮಗನ ಹಣೆಗೂ ಲಾರಿಯ ಹಣೆಗೂ ಒಂದೇ ತಟ್ಟೆಯಿಂದ ಕುಂಕುಮ ಹಚ್ಚಿದರು. ಇವರ ಮುಖ ನೋಡಬೇಕಿತ್ತು. ಬನಿಯನ್ ಬಟ್ಟೆ ಹಿಡಿದುಕೊಂಡು ಮುಂದಿನ ಗಾಜನ್ನು ಒರೆಸಿದ್ದೇ ಒರೆಸಿದ್ದು. ಅಷ್ಟು ವರ್ಷ ಓಡಿಸಿದ ಅದೇ ಲಾರಿ, ಅವತ್ತು ಹೊಸದಾಗಿ ನೋಡಿದಂತೆ ಸುತ್ತು ಬಂದರು. ನನಗೂ ಒಂದು ಗಳಿಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಕುಂಕುಮ ಒಣಗಿರಲಿಲ್ಲ, ದೊಡ್ಡಮಾವ ಕೆಮ್ಮಿದರು. "ಬಸರಾಳತ್ರ ಉಲ್ಲು ಕೊಂಡಿವ್ನಿ ಕಣ್ಲಾ ಮಾದೇವು. ಒಂದು ಲೋಡು. ಎಂಗಿದ್ರೂ ಗಾಡಿ ಸುಮ್ನೆ ನಿಂತೈತಲ್ಲ."

ಇಲ್ಲಿ ಒಂದು ವಿಷಯ ಹೇಳಬೇಕು. ಇಷ್ಟು ವರ್ಷ ಇಂಥ ಕೋರಿಕೆ ಬಂದಿರಲಿಲ್ಲ ಅಂತಲ್ಲ. ಲಾರಿ ಡ್ರೈವರು ನೆಂಟನಾದರೆ ಯಾರು ಕೇಳುವುದಿಲ್ಲ? ಆಗೆಲ್ಲಾ ಇವರು ಮುಖ ಸಣ್ಣಗೆ ಮಾಡಿಕೊಂಡು, ಕೈ ಚೆಲ್ಲಿ, "ನಂಗೇನೋ ಆಸೆ ಕಣಣ್ಣ, ಓನರ್ ಬುಡಾಕಿಲ್ಲ," ಅನ್ನುತ್ತಿದ್ದರು. ಕೇಳಿದವರು ಹೊನ್ನಯ್ಯನವರಿಗೆ ನಾಲ್ಕು ಬೈದು, ಇವರ ಭುಜ ತಟ್ಟಿ ಹೋಗುತ್ತಿದ್ದರು. ನೆಂಟಸ್ತನವೂ ಉಳಿಯುತ್ತಿತ್ತು, ನಿದ್ದೆಯೂ ಉಳಿಯುತ್ತಿತ್ತು. ನನ್ನ ಗಂಡ ಬಾಯಿಬಿಟ್ಟು ಇಲ್ಲ ಅಂದಿದ್ದನ್ನು ನಾನು ನೋಡಿಯೇ ಇಲ್ಲ ಅನ್ನುವುದು ನನಗೆ ಹೊಳೆದಿದ್ದು ಅವತ್ತು. ಅವರ 'ಇಲ್ಲ'ವೆಲ್ಲಾ ಹೊನ್ನಯ್ಯನವರ ಹತ್ತಿರ ಇತ್ತು. ಲೀಸು ಬರೆಸಿಕೊಂಡಾಗ ಅದನ್ನು ಅಲ್ಲಿಯೇ ಬಿಟ್ಟು ಬಂದಿದ್ದರು.

ಹುಲ್ಲು ಬಂತು. ಡೀಸೆಲ್ಲಿಗೆ ಅಂತ ಒಂದು ಬಾಳೆಗೊನೆ ಕೊಟ್ಟರು, ಅದೂ ಕಾಯಿ. ಮುಂದಿನ ಸಲ ಮುಂಬೈಯಿಂದ ಬಂದಾಗ ಯಾರದೋ ಕೊಬ್ಬರಿ ಮೂಟೆ, ಇನ್ಯಾರದೋ ಹಳೇ ಮನೆಯ ತೊಲೆ. ಅದರ ಮುಂದಿನ ಸಲ ದೊಡ್ಡಮಾವನ ಮೊಮ್ಮಗಳ ಮದುವೆಯ ಬೀಗರ ಊಟ ಮಳವಳ್ಳಿಯಲ್ಲಿ. ಲಾರಿಗೆ ಜಮಖಾನ ಹಾಸಿ ಅರ್ಧ ಊರನ್ನು ಹತ್ತಿಸಿಕೊಂಡು ಹೊರಟರು. ದಾರಿಯಲ್ಲಿ ಪೊಲೀಸರು ಹಿಡಿದರು, ಸರಕಿನ ಗಾಡಿಯಲ್ಲಿ ಜನ ತುಂಬಬಾರದು ಅಂತ. ದಂಡ ಯಾರು ಕಟ್ಟಿದರು ಅಂತ ಕೇಳಬೇಡಿ. ಕಟ್ಟಿದವರು ಕ್ಯಾಬಿನ್ನಿನಲ್ಲೇ ತಲೆ ಹಿಡಿದು ಕೂತಿದ್ದರಂತೆ, ಹತ್ತಿದವರು ಹೋಗಿ ಬಾಡೂಟ ಮಾಡಿಕೊಂಡು, ಮುದ್ದೆ ಸ್ವಲ್ಪ ಗಟ್ಟಿಯಾಗಿತ್ತು ಅಂತ ಮಾತಾಡಿಕೊಂಡು ಬಂದರು.

"ಒಂದ್ಸಲ ಆಗಾಕಿಲ್ಲ ಅನ್ನಿ. ಬಾಯಿ ಬಿದ್ದೋಯ್ತದಾ?" ಅಂದೆ.

"ಎಂಗಮ್ಮಿ ಅನ್ನಾದು? ದೊಡ್ಡಪ್ಪ ನನ್ನ ಎಗ್ಲ ಮ್ಯಾಲೆ ಕೂರುಸ್ಕಂಡು ಸಂತೆಗೆ ಕರ್ಕಂಡೋದೋರು."

"ಅವ್ರು ಒಂದಿನ ಕೂರ್ಸಿದ್ರು. ನೀವು ದಿನಾ ಕೂರ್ಸ್ಕತಾ ಇದೀರಾ."

ನಕ್ಕರು. ನನಗೆ ನಗು ಬರಲಿಲ್ಲ.

ರೂಪಳ ಸರದಿ ಬಂತು. ಯಲಿಯೂರಿನಲ್ಲಿ ಮನೆ ಕಟ್ಟಿಸುತ್ತಿದ್ದಳು, ಇಟ್ಟಿಗೆ ಬೇಕಿತ್ತು. "ಅಣ್ಣನ ಲಾರಿ ಇದ್ದೂ ಬಾಡ್ಗೆ ಗಾಡಿ ತರ್ಸುದ್ರೆ ನಮ್ಮನೇರು ಏನನ್ಕಳಾಕಿಲ್ಲ?" ಅಂದಳು. ಅವಳ ಸೈಟು ನಾಲೆಯ ಪಕ್ಕ, ಗದ್ದೆ ಬಯಲಿನ ತುದಿ. ಹಿಂದಿನ ದಿನವಷ್ಟೇ ನೀರು ಬಿಟ್ಟಿದ್ದರು. ಇಟ್ಟಿಗೆ ತುಂಬಿದ ಲಾರಿ ಹಿಂದಿನ ಚಕ್ರ ಪೂರ್ತಿ ಹೂತುಕೊಂಡು ನಿಂತಿತು. ಟ್ರ್ಯಾಕ್ಟರ್ ಕಟ್ಟಿ ಎಳೆಸುವ ಹೊತ್ತಿಗೆ ಸಂಜೆ. ಮದ್ದೂರಿನಲ್ಲಿ ಇವರಿಗೋಸ್ಕರ ಕೊಯ್ದಿಟ್ಟ ಎಳನೀರು ಕಾಯುವುದಿಲ್ಲ. ಮಾರ್ಕೆಟ್ಟಿನವರು ಫೋನ್ ಮಾಡಿ ಮಾಡಿ ಸಾಕಾಗಿ ಲೋಡನ್ನು ಬೇರೆ ಲಾರಿಗೆ ತುಂಬಿಸಿ ಕಳಿಸಿದ್ದರು. ಆ ವಾರವೆಲ್ಲಾ ನಮ್ಮ ಲಾರಿ ಕಳ್ಳಿಬೇಲಿಯ ಪಕ್ಕ ಸುಮ್ಮನೆ ನಿಂತಿತ್ತು. ಸುಮ್ಮನೆ ಅಂದೆನೇ? ಇಲ್ಲ, ದೊಡ್ಡಮಾವನ ಗೊಬ್ಬರ ಹೊಡೆಯುತ್ತಿತ್ತು.

ಆ ವಾರ ಕಳೆದು, ಮತ್ತೊಂದು ಮುಂಬೈ ಟ್ರಿಪ್ಪು ಮುಗಿಸಿ ಬಂದ ಮಧ್ಯಾಹ್ನ ಊಟಕ್ಕೆ ಕೂತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತುತ್ತು ಬಾಯಿಯ ಹತ್ತಿರ ತಂದವರು ಹಾಗೇ ನಿಂತುಬಿಟ್ಟರು. ಏನೋ ಯೋಚನೆ ಮಾಡುತ್ತಿದ್ದಾರೆ ಅಂದುಕೊಂಡೆ. ನೋಡಿದರೆ ನಿದ್ದೆ. ಕಣ್ಣು ಅರ್ಧ ತೆರೆದೇ ಇತ್ತು, ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ನಾನು ಕೂಗಿದೆ. ಬೆಚ್ಚಿ ಬಲಗಾಲನ್ನು ನೆಲಕ್ಕೆ ಒತ್ತಿದರು, ಬ್ರೇಕು ತುಳಿಯುವ ಹಾಗೆ. ತಟ್ಟೆ ಮಗುಚಿಕೊಂಡಿತು.

ಇದೇ ಕಣ್ಣು ಘಾಟಿಯ ತಿರುವಿನಲ್ಲಿ ಹೀಗೆ ಮುಚ್ಚಿದರೆ? ಅವತ್ತು ಮೊದಲ ಸಲ ನಾನು ಲಾರಿಯನ್ನು ದ್ವೇಷಿಸಿದೆ, ಕೇಳಿದವರನ್ನೆಲ್ಲಾ ದ್ವೇಷಿಸಿದೆ, ಎಲ್ಲರಿಗಿಂತ ಹೆಚ್ಚಾಗಿ ಇವರನ್ನು.

"ಎರಡರಲ್ಲಿ ಒಂದು ಮಾಡಿ," ಅಂದೆ ನೆಲ ಒರೆಸುತ್ತಾ. "ಇಲ್ಲ ಅನ್ನಾದು ಕಲೀರಿ. ಇಲ್ದಿದ್ರೆ ಗಾಡಿ ವಾಪಸ್ ಕೊಟ್ಬುಡಿ."

"ಏನಾರ ಒಂದು ದಾರಿ ಮಾಡ್ತೀನಿ ಬುಡಮ್ಮಿ," ಅಂದರು.

ಅವರು ಮಾಡಿದ ದಾರಿ ಮುಂದಿನ ಟ್ರಿಪ್ಪಿಗೆ ಕಾಣಿಸಿತು. ಲಾರಿ ಬಂದು ಬಾಗಿಲಲ್ಲಿ ನಿಂತಾಗ ನಮ್ಮ ಮಗಳು ದೀಪಿಕ, "ಅಮ್ಮಾ, ಬೇಗ ಬಾರಮ್ಮಾ!" ಅಂತ ಕಿರುಚಿದಳು. ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಓಡಿದೆ. ಲಾರಿಯ ಹಣೆಯ ಮೇಲೆ, ಕೆಂಪು ಬಣ್ಣದಲ್ಲಿ, ಹಳದಿ ಅಂಚು ಕೊಟ್ಟು, ಎರಡೂ ಕಡೆ ಒಂದೊಂದು ತಾವರೆ ಬರೆಸಿ, 'ನಾಗಶ್ರೀ' ಅಂತ ಬರೆಸಿದ್ದರು. ನನ್ನ ಹೆಸರು. ಮದುವೆಯಾದಾಗಿನಿಂದ 'ಅಮ್ಮಿ' ಬಿಟ್ಟು ಬೇರೆ ಹೆಸರಿಂದ ಕರೆದವರಲ್ಲ, ಊರೆಲ್ಲಾ ಕಾಣುವ ಹಾಗೆ ಬರೆಸಿಕೊಂಡು ಬಂದಿದ್ದರು. ದೀಪಿಕ ಫೋಟೋ ತೆಗೆದಳು. ನನಗೆ ಕಣ್ಣು ತುಂಬಿಕೊಂಡಿತು. ಅತ್ತೆ, "ತಾಯಿ ಎಸ್ರು ಕಾಣ್ನಿಲ್ವೇನೋ ನಿಂಗೆ," ಅಂದಿದ್ದೂ ಅವತ್ತು ನನಗೆ ಸಿಟ್ಟು ತರಲಿಲ್ಲ. ರಾತ್ರಿ ಕೋಳಿ ಸಾರು ಮಾಡಿದೆ.

ಬೆಳಿಗ್ಗೆ ದೊಡ್ಡಮಾವ ಬಂದರು. ಕಬ್ಬಿನ ಬಿತ್ತನೆ ತರಬೇಕು, ಗಾಡಿ ಬೇಕು ಅಂದರು. ಇವರು ಹಲ್ಲುಜ್ಜುತ್ತಿದ್ದವರು ಬ್ರಷ್ಷನ್ನು ಲಾರಿಯ ಕಡೆ ತೋರಿಸಿ, ಮುಖ ಸಣ್ಣಗೆ ಮಾಡಿಕೊಂಡು, ಕೈ ಚೆಲ್ಲಿದರು.

"ನಂದೇನೈತೆ ದೊಡ್ಡಪ್ಪ? ಓದಿ ನೋಡು. ಓನರ್ರು ಅವ್ಳು. ನಂಗೇನೋ ಆಸೆ, ಅವ್ಳು ಬುಡಾಕಿಲ್ಲ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ನಾನು ಪೊರಕೆ ಹಿಡಿದುಕೊಂಡು ನಿಂತಿದ್ದೆ. ಹಿಂದಿನ ದಿನದ ಕಣ್ಣೀರೆಲ್ಲಾ ಅಲ್ಲೇ ಆವಿಯಾಯಿತು. ಹೊನ್ನಯ್ಯನವರು ಇದ್ದ ಜಾಗಕ್ಕೆ ನನ್ನನ್ನು ತಂದು ಕೂರಿಸಿದ್ದರು, ಅಷ್ಟೇ. ತಾವರೆ ಸಮೇತ.

ಅಲ್ಲಿಂದ ನಾನು ಊರಿಗೇ ಕೆಟ್ಟವಳಾದೆ. ಬಂದವರಿಗೆಲ್ಲಾ ಇಲ್ಲ, ಆಗಾಕಿಲ್ಲ, ಅವ್ರು ಮಲ್ಗವ್ರೆ ಅನ್ನುವುದೇ ನನ್ನ ಕೆಲಸವಾಯಿತು. ಹೊನ್ನಯ್ಯನವರನ್ನು ಬೈದರೆ ಬೈಗುಳ ಮದ್ದೂರು ತಲುಪುತ್ತಿರಲಿಲ್ಲ. ನನ್ನನ್ನು ಬೈದರೆ ಅದು ನೀರು ಹಿಡಿಯುವ ನಲ್ಲಿಯ ಹತ್ತಿರವೇ ಕಾಯುತ್ತಿತ್ತು. "ಲಾರಿ ಬಂದ್ಮೇಲೆ ಕೊಬ್ಬು ಬಂದೈತೆ" ಅಂದರು. ರೂಪ ಫೋನ್ ಮಾಡುವುದನ್ನು ನಿಲ್ಲಿಸಿದಳು. ಬ್ಲೌಸು ಹೊಲಿಯಲು ಕೊಡುತ್ತಿದ್ದವರು ದುದ್ದಕ್ಕೆ ಹೋಗಿ ಕೊಟ್ಟು ಬಂದರು. ಅತ್ತೆಯಂತೂ ಕಾಳು ಬಿಡಿಸುತ್ತಾ ಗೋಡೆಯ ಜೊತೆ ನನ್ನ ವಿಚಾರ ಮಾತಾಡುತ್ತಿದ್ದರು. ಇವರು? ಇವರು ಎಲ್ಲರ ಭುಜ ತಟ್ಟಿಸಿಕೊಂಡು, "ಎಂಗಸ್ರು ಕಣಣ್ಣ, ಏನ್ ಮಾಡಾದು" ಅಂದುಕೊಂಡು ಆರಾಮಾಗಿದ್ದರು. ಹೋಗಲಿ, ನಿದ್ದೆಯಾದರೂ ಮಾಡುತ್ತಿದ್ದಾರಲ್ಲ ಅಂತ ನುಂಗಿಕೊಂಡೆ.

ಅದೂ ಎಷ್ಟು ದಿನ? ಮೂರನೇ ತಿಂಗಳ ಕೊನೆ. ಬೆಳಿಗ್ಗೆ ಬಂದು ಮಲಗಿದ್ದರು, ಸಂಜೆಗೆ ಮದ್ದೂರಿನಲ್ಲಿ ಮತ್ತೆ ಲೋಡು. ದೊಡ್ಡಮಾವ ಬಂದು ಹುಲ್ಲಿನ ಎರಡನೇ ಲೋಡಿನ ಮಾತೆತ್ತಿದರು.

"ಇವತ್ತು ಆಗಾಕಿಲ್ಲ ದೊಡ್ಡಮಾವ," ಅಂದೆ. "ಮಲ್ಗವ್ರೆ. ಸಂಜೆ ಬೊಂಬಾಯಿಗೆ ಓಗ್ಬೇಕು."

"ನಿನ್ನ ಕೇಳ್ನಿಲ್ಲ ಕಣವ್ವ. ಮನೆ ಮಗನ್ನ ಕೇಳ್ತಾ ಇವ್ನಿ."

"ದೊಡ್ಡೋರ್ಗೆ ಎದ್ರು ಮಾತಾಡ್ತೀಯಾ," ಅಂತ ಅತ್ತೆ ಹಿತ್ತಲಿಂದ ಎದ್ದು ಬಂದರು. ಗದ್ದಲವಾಯಿತು. ನಾನು ಬಾಗಿಲಿಗೆ ಅಡ್ಡ ನಿಂತುಕೊಂಡೆ. ಅಷ್ಟೂ ಬೈಗುಳ ತಿಂದುಕೊಂಡು, ಒಂದು ಹೆಜ್ಜೆ ಕದಲದೆ ನಿಂತಿದ್ದೆ. ಆಗ ನನ್ನ ಬೆನ್ನ ಹಿಂದೆ ಕೀ ಗಲಗಲ ಅಂದಿತು. ತಿರುಗಿ ನೋಡಿದರೆ ಇವರು. ಕೆಂಪು ಕಣ್ಣು, ಕೆದರಿದ ತಲೆ, ತಿರುವುಮುರುವಾಗಿ ಹಾಕಿಕೊಂಡ ಅಂಗಿ.

"ಓಗ್ಲಿ ಬುಡಮ್ಮಿ, ಯಾಕ್ ಜಗ್ಳ. ಒಂದು ಟ್ರಿಪ್ ಒಡ್ದಾಕ್ಬುಟ್ ಬತ್ತೀನಿ."

ಮೈ ಉರಿದುಹೋಯಿತು. ಊರಿನ ಮುಂದೆ ಕೆಟ್ಟವಳಾಗು ಅಂತ ನನ್ನ ಹೆಸರು ಬರೆಸಿದವರು ಇವರೇ. ನಾನು ಕೆಟ್ಟವಳಾದ ಮೇಲೆ ಒಳ್ಳೆಯವರಾಗಲು ಎದ್ದು ಬಂದವರೂ ಇವರೇ.

"ಒನ್ನಯ್ನೋರು ಇಲ್ಲ ಅಂದಿದ್ರೆ ಎದ್ದು ಬತ್ತಿದ್ರಾ?" ಅಂದೆ.

ಇವರು ಅಂಗಿಯ ಗುಂಡಿ ಹುಡುಕತೊಡಗಿದರು.

"ಯಾರು ಓನರ್ರು? ಎಲ್ರ ಮುಂದೆ ಏಳಿ."

"ನೀನೇ ಕಣಮ್ಮಿ," ಅಂದರು, ದೊಡ್ಡಪ್ಪನ ಮುಖ ನೋಡುತ್ತಾ.

"ಅಂಗಾದ್ರೆ ಕೀ ಕೊಡಿ."

ಕೈ ಚಾಚಿದೆ. ಕೊಟ್ಟರು. ಯಾರು ಏನು ಕೇಳಿದರೂ ಕೊಡುವ ಮನುಷ್ಯ, ನಾನು ಕೇಳಿದ್ದಕ್ಕೂ ಕೊಟ್ಟರು.

"ಅತ್ತಿ ಗಾಡೀನ. ಮದ್ದೂರ್ಗೆ ಓಗಾದು. ಮೊಳೆ ಇನ್ನೂ ಗ್ವಾಡೇಲೇ ಐತೆ."

ದೊಡ್ಡಮಾವ ಏನೋ ಅನ್ನಲು ಬಾಯಿ ತೆರೆದರು. "ಉಲ್ಲು ತಂದ್ಕೊಡಕೆ ಬಾಡ್ಗೆ ಟ್ರ್ಯಾಕ್ಟರ್ ಅವೆ ದೊಡ್ಡಮಾವ," ಅಂದು ನಾನು ಕ್ಯಾಬಿನ್ನಿನ ಮೆಟ್ಟಿಲು ಹತ್ತಿದೆ. ನನ್ನ ಹೆಸರಿನ ಲಾರಿಯೊಳಗೆ ನಾನು ಕೂತಿದ್ದು ಅದೇ ಮೊದಲು. ಸೀಟಿನ ಪಕ್ಕ ಅವರು ಮಡಿಸಿಟ್ಟ ಕಂಬಳಿ, ದೀಪಿಕಳ ಚಿಕ್ಕಂದಿನ ಫೋಟೋ, ಗಾಜಿಗೆ ನೇತುಹಾಕಿದ ಒಣಗಿದ ನಿಂಬೆಹಣ್ಣು. ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದರು! ಮಂಡ್ಯ ದಾಟುವಾಗ ಇವರು ಸ್ಟಿಯರಿಂಗನ್ನು ಅಂಗೈಯಿಂದ ಸವರಿದರು. ತಿರುಗಿಸಿ ಅಂದುಬಿಡಲೇ ಅನಿಸಿತು. ಅಷ್ಟರಲ್ಲಿ ಅವರು ಆಕಳಿಸಿದರು. ಸುಮ್ಮನೆ ಕೂತೆ.

ಆಫೀಸಿನ ಮುಂದೆ ಗಾಡಿ ನಿಂತಾಗ ಕೀಯನ್ನು ಮತ್ತೆ ನಾನೇ ತೆಗೆದುಕೊಂಡೆ. ಹೊನ್ನಯ್ಯನವರು ಕನ್ನಡಕ ಮೇಲೆ ಸರಿಸಿ ಇಬ್ಬರನ್ನೂ ನೋಡಿದರು. ಲೀಸು ಬೇಡ, ಮೊದಲಿನಂತೆ ಸಂಬಳಕ್ಕೇ ಇರುತ್ತಾರೆ ಅಂತ ನಾನು ಹೇಳಿದೆ.

"ನೀನೇನಂತೀಯಪ್ಪಾ ಮಾದೇವು? ಇನ್ನು ಕೊಂಚ ದಿನ ನೋಡ್ತೀಯಾ?"

ಈಗ ಇವರು ನಿಮ್ಮ ಮಾತೂ ನಿಜ ಅನ್ನುತ್ತಾರೆ ಅಂತ ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಇವರು ನನ್ನ ಕೈಯಿಂದ ಕೀ ತೆಗೆದುಕೊಂಡರು. ಅಂಗಿಯ ತುದಿಯಿಂದ ಅದನ್ನು ಒರೆಸಿದರು. ಮೊಳೆಗೆ ನೇತುಹಾಕಿದರು.

"ಇಲ್ಲ ಸಾ," ಅಂದರು.

ಅಷ್ಟೇ. ಅವರ ಬಾಯಿಂದ ನಾನು ಕೇಳಿದ ಮೊದಲನೆಯ 'ಇಲ್ಲ'. ಹೇಳಬಾರದವರಿಗೆ ಹೇಳಿದರೋ ಹೇಳಬೇಕಾದವರಿಗೆ ಹೇಳಿದರೋ, ಅಂತೂ ಹೇಳಿದರು.

ಹಣೆಯ ಮೇಲಿನ ಹೆಸರು ಅಳಿಸಬೇಕೇ ಅಂತ ಕೇಳಿದೆ. "ಇರ್ಲಿ ಬುಡವ್ವ, ಇನ್ನೊಂದ್ಸಲ ಬಣ್ಣ ಒಡ್ಸೋಗಂಟ," ಅಂದ ಹೊನ್ನಯ್ಯನವರು, ಇವರ ಕಣ್ಣು ನೋಡಿ ಸಂಜೆಯ ಲೋಡಿಗೆ ಬೇರೆ ಡ್ರೈವರನ್ನು ಕಳಿಸುತ್ತೇನೆ, ಹೋಗಿ ಮಲಗು ಅಂದರು. ನನ್ನ ಹೆಸರು ಹೊತ್ತ ಲಾರಿ ಅವತ್ತು ಯಾರೋ ಓಡಿಸಿಕೊಂಡು ಮುಂಬೈಗೆ ಹೋಯಿತು.

ನಾವು ಬಸ್ಸು ಹತ್ತಿದೆವು. ಬಸ್ಸು ಸ್ಟ್ಯಾಂಡು ಬಿಡುವ ಮುಂಚೆಯೇ ಇವರ ತಲೆ ನನ್ನ ಭುಜಕ್ಕೆ ಬಿತ್ತು. ಗೊರಕೆ ಶುರುವಾಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಮೂತಿ ತಿರುವಿದಳು, ತಿರುವಲಿ. ಗೆಜ್ಜಲಗೆರೆ ದಾಟುವಾಗ ಇವರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಎಚ್ಚರವಾಗದಂತೆ ಮೆಲ್ಲಗೆ ತೆಗೆದು ಕಿವಿಗಿಟ್ಟೆ.

"ಮಾದೇವು, ಎಲ್ಲಿದೀಯ್ಲಾ? ಅವ್ಳ ಸಿಟ್ಟೆಲ್ಲಾ ಮುಗೀತಾ? ಗಾಡಿ ತತ್ತೀಯಾ, ಉಲ್ಲು ಅಂಗೇ ಬಿದ್ದೈತೆ," ಅಂದರು ದೊಡ್ಡಮಾವ.

ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಮೆತ್ತಗೆ, ಆದಷ್ಟೂ ಮುಖ ಸಣ್ಣಗೆ ಮಾಡಿಕೊಂಡು ಹೇಳಿದೆ:

"ನಮ್ಗೇನೋ ಆಸೆ ದೊಡ್ಡಮಾವ. ಓನರ್ ಬುಡಾಕಿಲ್ಲ."